ತೂಕ ನಮ್ಮದು, ಮನಸ್ಸು ಯಾರದು?

ರಾಷ್ಟ್ರಪತಿಯ ಚುನಾವಣೆಯು ತಮಗೆ ಸಂಬಂಧಿಸಿದ್ದಲ್ಲವೆಂಬ ಭಾವನೆ ಸುಶಿಕ್ಷಿತರ ಮನೆಗಳಲ್ಲಿಯೂ ಬೇರೂರಿರುವುದು ವಿಷಾದಕರವಾದುದು. ಚುನಾಯಿತರಾದ ಸಂಸತ್ಸದಸ್ಯರೂ ಶಾಸಕರೂ ಕೂಡಿ ಆರಿಸುವ ಪದವಿ ಅದು. ಹಟ್ಟಿಯಂಗಡಿಯ ಗೃಹಸ್ಥನಿಗೆ ಅಲ್ಲಿ ಮತವಿಲ್ಲ, ನಿಜ. ಆದರೆ ಶಾಸಕರ ಮತಕ್ಕೆ ಬೆಲೆ ಬಂದುದೆಲ್ಲಿಂದ? ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದುದನ್ನು ಪುನಃ 1000ದಿಂದ ಭಾಗಿಸತಕ್ಕದ್ದೆಂದು ಸಂವಿಧಾನದ 55ನೆಯ ಅನುಚ್ಛೇದವು ವಿಧಿಸಿದೆ. 1971ರ ಗಣತಿಯಂತೆ ಕರ್ನಾಟಕದ ಜನ 2,92,99,014, ಶಾಸಕರು 224. ಆದುದರಿಂದ 2022ರ ಚುನಾವಣೆಯಲ್ಲಿ ಒಬ್ಬೊಬ್ಬ ಶಾಸಕರ ಮತದ ಬೆಲೆ 131. ತೊಟ್ಟಿಲ ಕೂಸು ಮೊದಲ್ಗೊಂಡು ಸುಮಾರು 1,31,000 ಜನರ ತೂಕವು ಆ ಒಂದು ಚೀಟಿಯಲ್ಲಿದೆ. ತೂಕ ನಮ್ಮದಾದ ಮೇಲೆ ಕೇಳುವ ಅಧಿಕಾರವೂ ನಮ್ಮದಲ್ಲವೆ?

1969ರ ಜುಲೈ ತಿಂಗಳಲ್ಲಿ ಕಾಂಗ್ರೆಸ್ಸಿನ ಮುಖಂಡರು ಬೆಂಗಳೂರಿನಲ್ಲಿ ಸೇರಿ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯೆಂದು ನಿಶ್ಚಯಿಸಿದರು. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪನವರು. ಪ್ರಧಾನಿ ಇಂದಿರಾ ಗಾಂಧಿಯವರಾದರೋ ಅಂತಃಸಾಕ್ಷಿಯಂತೆ ಮತ ನೀಡಿರೆಂದರು. ಎರಡನೆಯ ಪ್ರಾಶಸ್ತ್ಯದ ಮತಗಳನ್ನೂ ಎಣಿಸಿದಾಗ ವಿ. ವಿ. ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ಪಕ್ಷದ ಆಜ್ಞೆ ದೊಡ್ಡದೋ, ಮತ ಹಾಕುವ ಸದಸ್ಯನ ಅಂತಃಸಾಕ್ಷಿ ದೊಡ್ಡದೋ ಎಂದು ದೇಶವೆಲ್ಲ ವಾದಿಸಿತು. ಇವೆರಡರ ನಡುವೆ ಮೂರನೆಯವನೊಬ್ಬನಿದ್ದನು, ಅವನೇ ಮತದಾರ. ಅವನ ಅಭಿಪ್ರಾಯ ಯಾರಿಗೂ ನೆನಪಾಗಲಿಲ್ಲ.

ಹಾಗಾದರೆ ಜನರೇ ನೇರವಾಗಿ ಆರಿಸಲೆಂಬುದು ನಮ್ಮ ವಾದವಲ್ಲ. ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕಾದವರನ್ನು ಇಡೀ ದೇಶವೇ ಆರಿಸಿದರೆ, ಪ್ರಧಾನಿಗೊಬ್ಬ ಪ್ರತಿಸ್ಪರ್ಧಿಯನ್ನು ನಿಲ್ಲಿಸಿದಂತಾದೀತು. ಸಂವಿಧಾನಕಾರರು ಅದನ್ನು ಬೇಡವೆಂದುದು ವಿವೇಕವೇ. ನಮ್ಮ ಗ್ರಾಮ ಪಂಚಾಯತಿಯ ಅಧ್ಯಕ್ಷರನ್ನು ಆರಿಸುವವರೂ ಸದಸ್ಯರೇ ಅಲ್ಲವೆ? ಆದರೆ ಆ ಸದಸ್ಯರು ಮರುದಿನ ನಮ್ಮ ಜಗಲಿಯ ಮುಂದೆಯೇ ಹಾದುಹೋಗಬೇಕು. ಕೇಳಿದವರಿಗೆ ಉತ್ತರ ಹೇಳಬೇಕು. ಪರೋಕ್ಷ ಚುನಾವಣೆಗೆ ಮರ್ಯಾದೆ ಬರುವುದು ಆ ಉತ್ತರದಿಂದ.

ಮತವು ಗುಪ್ತವಾಗಿರತಕ್ಕದ್ದೆಂದು ಸಂವಿಧಾನವೇ ಹೇಳಿದೆಯೆಂದು ಕೆಲವರು ಆಕ್ಷೇಪಿಸಬಹುದು. ಗೋಪ್ಯತೆಯಿರುವುದು ಮತ ಹಾಕುವವರನ್ನು ಬೆದರಿಕೆಯಿಂದ ಕಾಯಲಿಕ್ಕೆ. ಬಾಯಿಗೆ ಬೀಗ ಹಾಕಲಿಕ್ಕಲ್ಲ. ಚೀಟಿಯನ್ನು ತೋರಿಸಿರೆಂದು ನಾವು ಕೇಳುವುದಿಲ್ಲ. ನಾಮಪತ್ರಗಳು ಸಲ್ಲಿಕೆಯಾದೊಡನೆ ಕುಂದಾಪುರದ ಶಾಸಕರೂ ಬೈಂದೂರಿನ ಶಾಸಕರೂ ಹತ್ತು ಸಮಸ್ತರ ಮುಂದೆ ನಿಂತು, ಆ ಪದವಿಗೆ ಯಾರು ಯೋಗ್ಯರು, ಏತಕ್ಕೆ ಯೋಗ್ಯರು ಎಂದು ತಮ್ಮ ಅಭಿಪ್ರಾಯವನ್ನು ಹೇಳಲಿ, ನಮ್ಮದನ್ನೂ ಕೇಳಲಿ. ಇದಕ್ಕೆ ಯಾವ ತಿದ್ದುಪಡಿಯೂ ಬೇಕಾಗಿಲ್ಲ, ಒಂದು ಸಂಜೆಯ ಸಭೆ ಸಾಕು.

ದೇವಸ್ಥಾನದ ಕಾಣಿಕೆ ಡಬ್ಬಿಯ ಲೆಕ್ಕವನ್ನು ಬಿಡದೆ ಕೇಳುವ ಊರು, ತನ್ನ ಹೆಸರಿನಲ್ಲಿ ತೂಗಿದ 131ರ ಲೆಕ್ಕವನ್ನು ಕೇಳದೆ ಕುಳಿತರೆ, ತಪ್ಪು ಶಾಸಕರದೊಂದೇ ಅಲ್ಲ.