ಗುರಿಗಿಂತ ತಕ್ಕಡಿ ದೊಡ್ಡದೇ?

ಅಮೆರಿಕದ ರೈಫಲ್ ಹವ್ಯಾಸಿಗಳಲ್ಲಿ ಅನೇಕರು ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತಾರೆ. ಮದ್ದು ಹೆಚ್ಚಾದರೆ ಬಂದೂಕೇ ಸಿಡಿದೀತು, ತೂಗಲೇಬೇಕು, ಒಪ್ಪೋಣ. ಆದರೆ ಗ್ರೇನ್ ಎಂಬ ತೂಕದ ಹತ್ತನೆಯ ಒಂದು ಪಾಲು, ಅಂದರೆ ಸುಮಾರು 6.5 ಮಿಲಿಗ್ರಾಂ, ಸರಿಹೋದರೂ ಕೆಲವರಿಗೆ ಸಮಾಧಾನವಿಲ್ಲ. ಮದ್ದನ್ನು ಕಾಳು ಕಾಳಾಗಿ ಉದುರಿಸುತ್ತಾರೆ. ಅಕ್ಕಸಾಲಿಗನೂ ನಾಚಬೇಕು! ಇಷ್ಟೆಲ್ಲ ತೂಗಿದ್ದಕ್ಕೆ ಪರೀಕ್ಷೆ ಏನು? ಮೂರೇ ಗುಂಡು! ಮೂರೂ ಒತ್ತಟ್ಟಿಗೆ ಬಿದ್ದರೆ ಪಾಕ ಸಿದ್ಧ. ಚದುರಿದರೆ ಮದ್ದಿನದೇ ತಪ್ಪು. ಕುಣಿಯಲಾರದವಳಿಗೆ ನೆಲ ಡೊಂಕು! ಮೂರು ಗುಂಡು ಒಟ್ಟಿಗೆ ಬೀಳುವುದು ಬರೀ ಆಕಸ್ಮಿಕವೂ ಆದೀತೆಂದು ಬಿ.ಎಸ್ಸಿ. ಮಾಡಿದ ನನ್ನಂಥ ಗುಮಾಸ್ತನಿಗೂ ಗೊತ್ತು. 1000 ಗಜ ದೂರದಲ್ಲಿ ಅಡ್ಡಗಾಳಿ ಗುಂಡನ್ನು ಅಡಿಗಟ್ಟಲೆ ಸರಿಸೀತು. ಆ ಗಾಳಿಯನ್ನು ಯಾವ ತಕ್ಕಡಿ ತೂಗುತ್ತದೆ? ಎಚ್ಚರ ಬೇರೆ, ಗೀಳು ಬೇರೆ, ಸ್ವಾಮಿ. ಕಾಳೆಣಿಸುವ ಹೊತ್ತಿನಲ್ಲಿ ಮೈದಾನಕ್ಕೆ ಹೋಗಲಿ. ಕೈಯೂ ಕಣ್ಣೂ ಪಳಗಲಿ.