ಮೂಳೆಗೆ ಮರ್ಯಾದೆ, ಮಾತಿಗೆ ಬೀಗ

ನಾರ್ವೆ ಅಂದರೆ ನಮ್ಮ ಸಾಹಿತ್ಯದ ಮೇಷ್ಟ್ರುಗಳಿಗೆ ನೆನಪಾಗುವುದು ಒಂದೇ ಹೆಸರು, ಇಬ್ಸೆನ್. ಆತ ದೊಡ್ಡ ನಾಟಕಕಾರ, ಒಪ್ಪುತ್ತೇವೆ. ಆದರೆ 1851ರಲ್ಲಿ, ಇನ್ನೂ ಇಪ್ಪತ್ತಮೂರರ ಹುಡುಗನಾಗಿದ್ದಾಗ, ಇದೇ ಇಬ್ಸೆನ್ ಕೂಲಿಕಾರರ ಪತ್ರಿಕೆಯೊಂದಕ್ಕೆ ಬರೆಯುತ್ತಿದ್ದ. ಪೊಲೀಸರು ಬಂದು ಹಿಡಿದಾಗ ಗೆಳೆಯ ಆಬಿಲ್ಡ್‌ಗಾರ್ಡ್ ಜೈಲು ಸೇರಿದ, ಇಬ್ಸೆನ್ ಸ್ವಲ್ಪದರಲ್ಲಿ ಪಾರಾದ. ಆ ಪತ್ರಿಕೆ ಯಾರದು? ಅದನ್ನು ಕಟ್ಟಿದವನು ಎಲ್ಲಿ ಹೋದ? ಪಠ್ಯಪುಸ್ತಕಗಳು ಇಲ್ಲಿ ಬಾಯಿ ಮುಚ್ಚಿಕೊಳ್ಳುತ್ತವೆ. ಅದಕ್ಕೇ ನಾವು ಬಾಯಿ ತೆರೆಯಬೇಕಾಗಿದೆ.

ಅವನ ಹೆಸರು ಮಾರ್ಕುಸ್ ಥ್ರಾನೆ. ಹುಟ್ಟಿದ್ದು 1817ರಲ್ಲಿ, ಇವತ್ತು ಓಸ್ಲೋ ಎನ್ನುವ ಕ್ರಿಸ್ಟಿಯಾನಿಯದಲ್ಲಿ. ಮೇಲ್ವರ್ಗದ ಮನೆಯ ಹುಡುಗ. ಮನೆಯ ಮರ್ಯಾದೆ ಹಾಳಾಗಿ, ಹೊಟ್ಟೆಪಾಡಿಗೆ ಶಾಲಾ ಮೇಷ್ಟ್ರಾದ. ಹಳ್ಳಿಗಳಲ್ಲಿ ಪಾಠ ಹೇಳುತ್ತಿರುವ ಗೆಳೆಯರು ಇದನ್ನು ಗಮನಿಸಬೇಕು. 1848ರಲ್ಲಿ ಯೂರೋಪಿನ ತುಂಬಾ ಬಂಡಾಯದ ಗಾಳಿ ಎದ್ದಿತು. ಆಗ ಥ್ರಾನೆ ದ್ರಾಮೆನ್ ಪಟ್ಟಣದ ಒಂದು ಪತ್ರಿಕೆಯ ಸಂಪಾದಕ. ಬಡವರ ಪರ ಬರೆದ ತಪ್ಪಿಗೆ ಆ ಕೆಲಸವೂ ಹೋಯಿತು. ಕೆಲಸ ಹೋದವನು ಮನೆಯಲ್ಲಿ ಕೂತು ಕೊರಗಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೂಲಿಕಾರರ ಸಂಘ ಕಟ್ಟಿದ. ಮರುವರ್ಷ ಸಂಘದ್ದೇ ಪತ್ರಿಕೆ ಹೊರಡಿಸಿದ.

ಸಂಘಕ್ಕೆ ಬಂದವರು ಯಾರು? ಪಟ್ಟಣದ ಕುಶಲಕರ್ಮಿಗಳು ಬಂದರು. ಆದರೆ ದಂಡಿಯಾಗಿ ಬಂದವರು ಹಳ್ಳಿಯ 'ಹುಸ್‌ಮನ್'ಗಳು. ಈ ಪದಕ್ಕೆ ನಾವು ನಿಘಂಟು ನೋಡಬೇಕಾಗಿಲ್ಲ. ಒಡೆಯನ ಜಮೀನಿನ ಅಂಚಿನಲ್ಲಿ ಒಂದು ಗುಡಿಸಲು, ಗುಡಿಸಲ ಸುತ್ತ ಅಂಗೈಯಗಲ ನೆಲ, ಅದಕ್ಕೆ ಬದಲಾಗಿ ಒಡೆಯ ಕರೆದಾಗಲೆಲ್ಲ ಹೋಗಿ ಅವನು ಕೊಟ್ಟಷ್ಟು ಕೂಲಿಗೆ ದುಡಿಯಬೇಕು. ಒಡೆಯನಿಗೆ ಸಿಟ್ಟು ಬಂದರೆ ಗುಡಿಸಲು ಖಾಲಿ ಮಾಡಬೇಕು. 1855ರ ಹೊತ್ತಿಗೆ ಇಂಥ ಹುಸ್‌ಮನ್ ಕುಟುಂಬಗಳು ಸುಮಾರು 65 ಸಾವಿರ ಇದ್ದವು. 1814ರಲ್ಲಿ ನಾರ್ವೆಗೆ ಸಂವಿಧಾನ ಬಂತು, ಯೂರೋಪೇ ಹೊಗಳಿತು. ವೋಟು ಸಿಕ್ಕಿದ್ದು ಜಮೀನಿದ್ದವನಿಗೆ, ಅಧಿಕಾರಿಗೆ, ಪಟ್ಟಣದ ಆಸ್ತಿವಂತನಿಗೆ. ಗುಡಿಸಲವನಿಗೆ ಸಿಗಲಿಲ್ಲ. 'ರೈತ'ನ ಹೆಸರಲ್ಲಿ ಗುಡುಗುತ್ತಿದ್ದ ದೊಡ್ಡ ಹಿಡುವಳಿದಾರರೇ ಈ ಆಳುಗಳ ಎದುರು ನಿಂತರು. ರೈತ ಎಂಬ ಒಂದೇ ಮಾತಿನೊಳಗೆ ಒಡೆಯನನ್ನೂ ಆಳನ್ನೂ ತುರುಕುವ ಜಾಣತನ ನಮ್ಮೂರಲ್ಲಿ ಮಾತ್ರ ಇದೆ ಅಂತ ಯಾರೂ ತಿಳಿಯಬೇಡಿ.

ಎರಡು ವರ್ಷದೊಳಗೆ ಮುನ್ನೂರಕ್ಕೂ ಹೆಚ್ಚು ಸಂಘಗಳು, ಹತ್ತಿರ ಹತ್ತಿರ 30 ಸಾವಿರ ಸದಸ್ಯರು. ಎಲ್ಲ ಗಂಡಸರಿಗೂ ವೋಟು ಕೊಡಿ, ಬಡವರ ಮಕ್ಕಳಿಗೆ ಒಳ್ಳೆ ಶಾಲೆ ಕೊಡಿ, ಧಾನ್ಯದ ಮೇಲಿನ ಸುಂಕ ಇಳಿಸಿ, ಸೈನ್ಯಕ್ಕೆ ಬಡವನ ಮಗನೊಬ್ಬನೇ ಯಾಕೆ, ಎಲ್ಲರೂ ಬರಲಿ, ಹುಸ್‌ಮನ್‌ಗೆ ನೆಲ ಕೊಡಿ. ಕೇಳಿದ್ದು ಇಷ್ಟು. 1850ರಲ್ಲಿ ದೊರೆಗೆ ಅರ್ಜಿ ಹೋಯಿತು, ಹತ್ತಿರ ಹತ್ತಿರ 13 ಸಾವಿರ ರುಜುಗಳೊಂದಿಗೆ. ಅರ್ಜಿ ತಿರಸ್ಕಾರವಾಯಿತು. 1851ರ ಜುಲೈನಲ್ಲಿ ಥ್ರಾನೆಯನ್ನು ಹಿಡಿದರು. ಅವನ ಜೊತೆ ನೂರಕ್ಕೂ ಮಿಕ್ಕಿ ಜನಕ್ಕೆ ಶಿಕ್ಷೆಯಾಯಿತು. ವಿಚಾರಣೆಯ ವರ್ಷಗಳೂ ಶಿಕ್ಷೆಯ ವರ್ಷಗಳೂ ಸೇರಿ ಏಳು ವರ್ಷ ಅವನು ಕಂಬಿ ಎಣಿಸಿದ. ಅರ್ಜಿ ಬರೆದದ್ದಕ್ಕೆ ಏಳು ವರ್ಷ! ಇನ್ನು ಕತ್ತಿ ಹಿಡಿದಿದ್ದರೆ?

ಅವನು ಒಳಗಿದ್ದಾಗ ಪತ್ರಿಕೆ ನಡೆಸಿದವಳು ಹೆಂಡತಿ ಯೋಸೆಫಿನ. ಮಕ್ಕಳನ್ನೂ ಸಾಕಿದಳು, ಅಚ್ಚಿನ ಮನೆಯನ್ನೂ ನೋಡಿಕೊಂಡಳು. ನಾಯಕನ ಹೆಸರು ಬರೆಯುವವರು ಈ ತಾಯಿಯ ಹೆಸರನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನಮ್ಮ ಚಳವಳಿಗಳ ಕಥೆ ಬರೆಯುವಾಗ ನಾವೂ ಹೀಗೇ ಮಾಡಿದ್ದೇವೆ, ನಾಚಿಕೆಯಿಂದ ಒಪ್ಪಿಕೊಳ್ಳೋಣ. 1858ರಲ್ಲಿ ಥ್ರಾನೆ ಹೊರಬಂದಾಗ ಸಂಘಗಳು ಪುಡಿಯಾಗಿದ್ದವು. ಫೋಟೋ ತೆಗೆದು ಜೀವನ ಸಾಗಿಸಿದ. 1862ರಲ್ಲಿ ಯೋಸೆಫಿನ ತೀರಿಕೊಂಡಳು. ಮರುವರ್ಷ ಅವನು ಹೆಣ್ಣುಮಕ್ಕಳೊಂದಿಗೆ ಅಮೆರಿಕಕ್ಕೆ ಹಡಗು ಹತ್ತಿದ.

ಇಲ್ಲಿಂದ ಮುಂದಿನದು ವಲಸೆ ಬಂದ ಬರಹಗಾರನ ಕಥೆ. ಶಿಕಾಗೋದಲ್ಲಿ 1866ರಲ್ಲಿ ಒಂದು ಪತ್ರಿಕೆ ತೆಗೆದ, ಕೆಲವೇ ತಿಂಗಳಲ್ಲಿ ನಿಂತಿತು. 1869ರಲ್ಲಿ 'ಹಗಲ ಬೆಳಕು' ಎಂಬರ್ಥದ 'ದಾಗ್ಸ್‌ಲೀಸೆತ್' ಶುರು ಮಾಡಿದ, ಅದು 1878ರವರೆಗೆ ಬದುಕಿತು. ವಲಸೆಗಾರರಿಗಾಗಿ ನಾಟಕ ಬರೆದ, ಆಡಿಸಿದ. 1881ರಲ್ಲಿ 'ವಿಸ್ಕಾನ್ಸಿನ್ ಬೈಬಲ್' ಬಂತು. ಪವಿತ್ರ ಗ್ರಂಥದ ಧಾಟಿಯಲ್ಲೇ ನಾರ್ವೆಯ ಪಾದ್ರಿಗಳ ದುರಾಸೆ, ದಬ್ಬಾಳಿಕೆಗಳನ್ನು ಲೇವಡಿ ಮಾಡಿದ ಪುಸ್ತಕ ಅದು.

ಪಾದ್ರಿಗಳ ಮೇಲೆ ಇಷ್ಟು ಸಿಟ್ಟು ಯಾಕೆ ಅಂತ ಕೇಳುವವರಿಗೆ ಒಂದು ಸಂಗತಿ ಹೇಳುತ್ತೇವೆ. 1861ರಲ್ಲಿ ಅಮೆರಿಕದಲ್ಲಿ ಗುಲಾಮಗಿರಿಯ ಮೇಲೆ ಯುದ್ಧ ಹತ್ತಿಕೊಂಡಿತ್ತು. ಆಗ ನಾರ್ವೇಜಿಯನ್ ಸಿನಡ್‌ನ ಪಾದ್ರಿಗಳು, ದೇವರ ವಾಕ್ಯದ ಪ್ರಕಾರ ಗುಲಾಮಗಿರಿ ತನ್ನಷ್ಟಕ್ಕೆ ಪಾಪವಲ್ಲ ಎಂದು ತೀರ್ಪು ಕೊಟ್ಟರು! ಸಾಮಾನ್ಯ ವಲಸೆಗಾರರು ಇದನ್ನು ಒಪ್ಪಲಿಲ್ಲ. ಅವರ ಮಕ್ಕಳು ವಿಸ್ಕಾನ್ಸಿನ್‌ನ 15ನೇ ರೆಜಿಮೆಂಟು ಸೇರಿ ಗುಲಾಮರ ಒಡೆಯರ ಎದುರು ಸತ್ತರು. ಅವರ ಕರ್ನಲ್ ಹೆಗ್ 1863ರಲ್ಲಿ ಯುದ್ಧದಲ್ಲೇ ಮಡಿದ. ಶಾಸ್ತ್ರ ಓದಿದವನು ಸರಪಳಿಗೆ ಆಧಾರ ಹುಡುಕಿದ, ನೇಗಿಲು ಹಿಡಿದವನು ಸರಪಳಿಯನ್ನು ಸರಪಳಿ ಅಂದ. ಶಾಸ್ತ್ರದ ಕೆಲಸ ಏನು ಅನ್ನುವುದು ಮನುಸ್ಮೃತಿ ಉಂಡು ಬೆಳೆದ ನಾಡಿನವರಿಗೆ ಬಿಡಿಸಿ ಹೇಳಬೇಕೆ?

ಆದರೂ ಥ್ರಾನೆಯ ಪತ್ರಿಕೆಗಳು ಯಾಕೆ ಸೋತವು? ಪಾದ್ರಿಗಳೇ ಕೊಂದರು ಅಂದುಬಿಟ್ಟರೆ ಸುಲಭ. ಪೂರ್ತಿ ಸತ್ಯ ಕಹಿಯಾಗಿದೆ. ಊರಲ್ಲಿ ಅಂಗೈಯಗಲ ನೆಲವಿಲ್ಲದವನಿಗೆ 1862ರ ಹೋಮ್‌ಸ್ಟೆಡ್ ಕಾನೂನು 160 ಎಕರೆ ಕೊಟ್ಟಿತು. ನೆಲ ಸಿಕ್ಕ ಮೇಲೆ ಅವನಿಗೆ ಬಂಡಾಯದ ಪತ್ರಿಕೆ ಬೇಡವಾಯಿತು, ಚರ್ಚಿನ ಮುಂದಿನ ಸಾಲಿನ ಬೆಂಚು ಬೇಕಾಯಿತು. ಆ ನೆಲವಾದರೂ ಯಾರದು? ಅದೇ 1862ರಲ್ಲಿ ಮಿನೆಸೋಟದ ಡಕೋಟ ಜನ ಹಸಿವಿನಿಂದ ದಂಗೆ ಎದ್ದರು. ಡಿಸೆಂಬರ್ 26ರಂದು ಮ್ಯಾಂಕೇಟೊ ಎಂಬಲ್ಲಿ ಅವರಲ್ಲಿ 38 ಮಂದಿಯನ್ನು ಒಂದೇ ದಿನ ಗಲ್ಲಿಗೇರಿಸಿದರು. ಉಳಿದವರನ್ನು ಓಡಿಸಿದರು. ಖಾಲಿಯಾದ ನೆಲದಲ್ಲಿ ನಾರ್ವೆಯ ಆಳು ಒಡೆಯನಾದ. ನೆಲ ಕಳಕೊಂಡ ಇನ್ನೊಬ್ಬನ ಗೋರಿಯ ಮೇಲೆ ಗೋಧಿ ಬಿತ್ತಿ ಸಿಕ್ಕ ಬಿಡುಗಡೆಯನ್ನು ನಾವು ಬಿಡುಗಡೆ ಅನ್ನಲಾರೆವು. ವಲಸೆಗಾರರ 'ಸಾಧನೆ'ಯ ಕಥೆ ಹೇಳುವವರು ಈ ಪುಟ ಹರಿದು ಹಾಕಿ ಹೇಳುತ್ತಾರೆ.

ಇನ್ನೊಂದು ಮಾತು. ಹುಸ್‌ಮನ್‌ನ ಪಾಡು ನಮ್ಮ ಪಾಡಿನ ಹಾಗೇ ಇತ್ತು ಅಂತ ಹೇಳಿ ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಬೇಡ. ಅವನು ಕಡಲು ದಾಟಿದ ಕೂಡಲೇ ಅವನ ಹಿಂದಿನ ಹೆಸರು ನೀರಲ್ಲಿ ಬಿತ್ತು. ಅವನ ಮಗ ಯಾರ ಮಗ ಅಂತ ಶಿಕಾಗೋದಲ್ಲಿ ಯಾರೂ ಮೂಸಿ ನೋಡಲಿಲ್ಲ. ಜಾತಿ ಹಾಗಲ್ಲ. ಅದು ವಿಮಾನದಲ್ಲೂ ಸೀಟು ಹಿಡಿದು ಕೂರುತ್ತದೆ. 2023ರ ಫೆಬ್ರವರಿಯಲ್ಲಿ ಅಮೆರಿಕದ ಸಿಯಾಟಲ್ ನಗರ ಜಾತಿಭೇದವನ್ನು ಕಾನೂನಿನಲ್ಲಿ ನಿಷೇಧಿಸಬೇಕಾಯಿತು. ಯಾಕೆ? ಅಲ್ಲಿಗೆ ಹೋದ ನಮ್ಮವರೇ ಅದನ್ನು ಹೊತ್ತು ಹೋಗಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ್ದ ಇಂಥದ್ದೇ ಮಸೂದೆಯನ್ನು ಅಲ್ಲಿನ ಗವರ್ನರ್ ತಡೆದರು. ಕಡಲಾಚೆ ಜಾತಿಯೇ ಇಲ್ಲ ಅನ್ನುವ ವಿದೇಶದ ಕನ್ನಡಿಗರು ಇದಕ್ಕೆ ಉತ್ತರ ಹೇಳಲಿ.

ಥ್ರಾನೆ 1890ರ ಏಪ್ರಿಲ್ 30ರಂದು ವಿಸ್ಕಾನ್ಸಿನ್‌ನ ಓ ಕ್ಲೇರ್‌ನಲ್ಲಿ ಸತ್ತ. ನಾರ್ವೆಯ ಗಂಡಸರಿಗೆಲ್ಲ ವೋಟು ಬಂದದ್ದು 1898ರಲ್ಲಿ, ಹೆಂಗಸರಿಗೆಲ್ಲ 1913ರಲ್ಲಿ. ಅವನ ಕಣ್ಣು ಯಾವುದನ್ನೂ ಕಾಣಲಿಲ್ಲ. 1949ರಲ್ಲಿ, ಕಾರ್ಮಿಕ ಪಕ್ಷ ಆಳುತ್ತಿದ್ದಾಗ, ಅವನ ಮೂಳೆಗಳನ್ನು ಓಸ್ಲೋಗೆ ತಂದು, ಇಬ್ಸೆನ್ ಮಲಗಿರುವ ಸ್ಮಶಾನದಲ್ಲೇ ಮಣ್ಣು ಮಾಡಿದರು. ಬದುಕಿದ್ದವನಿಗೆ ಏಳು ವರ್ಷ ಜೈಲು ಕೊಟ್ಟ ದೇಶ ಅವನ ಮೂಳೆಗೆ ಮರ್ಯಾದೆ ಕೊಟ್ಟಿತು. ಸತ್ತ ಬಂಡಾಯಗಾರ ಪ್ರಶ್ನೆ ಕೇಳುವುದಿಲ್ಲವಲ್ಲ! ನಮ್ಮಲ್ಲೂ ಅಷ್ಟೆ. ಬಾಬಾಸಾಹೇಬರ ಪ್ರತಿಮೆಗೆ ಹಾರ ಹಾಕುವ ಕೈಗಳು ಅವರ ಪುಸ್ತಕ ತೆರೆಯಲು ಹೆದರುತ್ತವೆ.

ಸಾಹಿತ್ಯಕ್ಕೂ ಸಂಘಟನೆಗೂ ಸಂಬಂಧವಿಲ್ಲ ಅನ್ನುವ ಪಂಡಿತರಿಗೆ ಥ್ರಾನೆಯ ಬದುಕೇ ಸಾಕು. ಅವನು ಬರೆದದ್ದನ್ನು ಓದಿ ಗುಡಿಸಲವರು ಸೇರಿದರು, ಸೇರಿದ್ದಕ್ಕೇ ಸರ್ಕಾರ ಬೆದರಿತು. ಆದರೆ ನಮಗೆ ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ನಾಳೆ ನಮ್ಮಲ್ಲಿ ನಾಲ್ಕು ಜನಕ್ಕೆ ನೌಕರಿ, ಸೈಟು, ಕಮಿಟಿಯ ಕುರ್ಚಿ ಸಿಕ್ಕಾಗ, ವಿಸ್ಕಾನ್ಸಿನ್‌ನ ಆ ವಲಸೆಗಾರನಂತೆ ನಾವೂ ಪತ್ರಿಕೆ ಮಡಚಿಟ್ಟು ಮುಂದಿನ ಬೆಂಚಿಗೆ ಹೋಗುತ್ತೇವೆಯೆ? ಗೆಳೆಯರೇ, ಈ ಪ್ರಶ್ನೆಯನ್ನು ನಿಮ್ಮೂರಿನ ಸಂಘದ ಮುಂದಿನ ಸಭೆಯಲ್ಲಿ ಇಡಿ. ಕುರ್ಚಿಯಲ್ಲಿ ಕೂತಿರುವವರು ಮೊದಲು ಉತ್ತರ ಕೊಡಲಿ.