ಹೆಸರೊಂದು, ಒಳಗಿನ ಚಿಪ್ ಇನ್ನೊಂದು

ಸಿಇಟಿ ಆಯ್ಕೆಗಳನ್ನು ದಾಖಲಿಸುವ ಕೊನೆಯ ದಿನದ ಸಂಜೆ. ಸಿದ್ದಾಪುರದ ನಮ್ಮ ಹಿಂದಿನ ಬೀದಿಯ ಹುಡುಗಿಯೊಬ್ಬಳು ಓಡಿಬಂದಳು. "ಮೇಷ್ಟ್ರೇ, ವೈಫೈ ಬರ್ತಾನೇ ಇಲ್ಲ." ಅವರದು ಹಳೆಯ ಡೆಸ್ಕ್‌ಟಾಪ್, ಹೆಬ್ಬೆರಳಿನಷ್ಟಿರುವ ಯುಎಸ್‌ಬಿ ಅಡಾಪ್ಟರ್ ಒಂದೇ ಅದಕ್ಕೆ ಅಂತರ್ಜಾಲದ ಬಾಗಿಲು. ಯಾರೋ ವಿಂಡೋಸನ್ನು ಹೊಸದಾಗಿ ಹಾಕಿಕೊಟ್ಟಿದ್ದರಿಂದ ಅಡಾಪ್ಟರಿನ ಡ್ರೈವರ್ ಅಳಿಸಿಹೋಗಿತ್ತು. ಜೊತೆಗೆ ಬಂದಿದ್ದ ಪುಟ್ಟ ಸಿಡಿ ಎಲ್ಲೋ ಕಳೆದಿತ್ತು. ಜಾಲದಿಂದ ಇಳಿಸಿಕೊಳ್ಳೋಣವೆಂದರೆ ಜಾಲವೇ ಇಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಸ್ಥಿತಿ!

ಅವಳ ತಾಯಿಯ ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ, ಅದರಲ್ಲಿ 'ಯುಎಸ್‌ಬಿ ಟೆದರಿಂಗ್' ಒತ್ತಿದೆವು. ಆಯ್ಕೆಗಳ ಕೆಲಸ ಆ ದಾರಿಯಲ್ಲೇ ಮುಗಿಯಿತು.

ಅಡಾಪ್ಟರಿನ ಮುಂದೆ ಮರುದಿನ ಕುಳಿತೆವು. ಪೆಟ್ಟಿಗೆಯ ಮೇಲಿನ ಹೆಸರನ್ನೇ ಹುಡುಕಿ ಡ್ರೈವರ್ ಇಳಿಸಿದೆವು. 'ಯಶಸ್ವಿಯಾಯಿತು' ಎಂದು ಗಣಕ ಘೋಷಿಸಿತು. ಡಿವೈಸ್ ಮ್ಯಾನೇಜರಿನ ಹಳದಿ ಗುರುತು ಮಾತ್ರ ಕದಲಲಿಲ್ಲ. ಡ್ರೈವರ್ ಹೊಂದಬೇಕಾದದ್ದು ಒಳಗಿನ ಚಿಪ್‌ಗೆ, ಪೆಟ್ಟಿಗೆಯ ಹೆಸರಿಗಲ್ಲ. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯೂಎನ್722ಎನ್ ಇದಕ್ಕೆ ಪ್ರಸಿದ್ಧ ಉದಾಹರಣೆ: ಮೊದಲ ಆವೃತ್ತಿಯಲ್ಲಿ ಅಥೆರಾಸ್ ಚಿಪ್, ಎರಡನೆಯದರಿಂದ ರಿಯಲ್‌ಟೆಕ್. ಹೆಸರು ಮಾತ್ರ ಅದೇ. ಆವೃತ್ತಿಯ ಸಂಖ್ಯೆ ಹಿಂಬದಿಯ ಚೀಟಿಯಲ್ಲಿ, ಭೂತಗನ್ನಡಿ ಬೇಡುವ ಅಕ್ಷರಗಳಲ್ಲಿ!

ಕೊನೆಗೆ ಕೈಹಿಡಿದದ್ದು ಡಿವೈಸ್ ಮ್ಯಾನೇಜರಿನಲ್ಲೇ ಇರುವ 'ಹಾರ್ಡ್‌ವೇರ್ ಐಡಿ'. ಅದರಲ್ಲಿ ತಯಾರಕನಿಗೆ ನಾಲ್ಕು ಅಕ್ಷರ, ಸಾಧನಕ್ಕೆ ನಾಲ್ಕು. 0ಬಿಡಿಎ ಎಂದಿದ್ದರೆ ರಿಯಲ್‌ಟೆಕ್. ಆ ಎರಡನ್ನೂ ಹುಡುಕಿದಾಗ ಸರಿಯಾದ ಡ್ರೈವರ್ ದೊರೆಯಿತು. ಇನ್ನೊಂದು ಎಚ್ಚರ: ಕೆಟ್ಟ ಡ್ರೈವರನ್ನು ತೆಗೆಯುವಾಗ ಅದರ ತಂತ್ರಾಂಶವನ್ನೂ ಅಳಿಸುವ ಚೌಕಕ್ಕೆ ಗುರುತು ಹಾಕದಿದ್ದರೆ, ವಿಂಡೋಸ್ ತನ್ನ ಉಗ್ರಾಣದಿಂದ ಅದನ್ನೇ ಮತ್ತೆ ತಂದು ಕೂರಿಸುತ್ತದೆ.

ನನ್ನ ತಕರಾರು ಇಷ್ಟು. ಮಾತ್ರೆಯ ಪಟ್ಟಿಯ ಮೇಲೆ ಕಂಪನಿಯಿಟ್ಟ ಹೆಸರಿನೊಡನೆ ಮೂಲ ಔಷಧದ ಹೆಸರನ್ನೂ ಅಚ್ಚು ಹಾಕಲೇಬೇಕೆಂಬ ನಿಯಮ ನಮ್ಮಲ್ಲಿದೆ. ಅಡಾಪ್ಟರಿನ ಪೆಟ್ಟಿಗೆಯ ಮೇಲೆ ಚಿಪ್‌ನ ಹೆಸರೇಕಿರಬಾರದು? ಪೂರೈಕೆಗೆ ತಕ್ಕಂತೆ ಚಿಪ್ ಬದಲಿಸುವುದು ವ್ಯಾಪಾರದ ಅನಿವಾರ್ಯವಿರಬಹುದು. ಹಾಗೆ ಬದಲಿಸಿದಾಗ ಮಾದರಿಯ ಹೆಸರನ್ನೂ ಬದಲಿಸಲಿ. ಹೊಸ ಲ್ಯಾಪ್‌ಟಾಪ್ ಕೊಳ್ಳಬಲ್ಲವರಿಗೆ ಇದು ಕ್ಷುಲ್ಲಕ. ಎಸ್.ಪಿ. ರಸ್ತೆಯಿಂದ ಹಳೆಯ ಯಂತ್ರ ತಂದು ಮಕ್ಕಳನ್ನು ಓದಿಸುವ ಮನೆಗಳಲ್ಲಿ ಇದರಿಂದ ಒಂದು ವರ್ಷವೇ ಹಾಳಾದೀತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂಥ ಕಂಪನಿಗಳಲ್ಲೇ ಇದ್ದೀರಿ; ಸಭೆಯಲ್ಲಿ ಒಮ್ಮೆ ಈ ಮಾತೆತ್ತಿ.

ಹುಡುಗಿ ಮಾತ್ರ ಕಾಯಲಿಲ್ಲ. ಆ ಎಂಟು ಅಕ್ಷರಗಳನ್ನು ಚೀಟಿಯಲ್ಲಿ ಬರೆದು ಸಿಪಿಯು ಪಕ್ಕಕ್ಕೆ ಅಂಟಿಸಿದ್ದಾಳೆ. ಡ್ರೈವರಿನ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತೆಗೆದಿಟ್ಟಿದ್ದಾಳೆ.